ಗಾಳಿ ಒಯ್ದ ಕಿವಿ

"ಈ ಗಾಳಿಗೆ ಯಾರಪ್ಪ ಹೇಳಿಕೊಡೋರು, ಶಾಲು ನಂದು, ಅದರದ್ದಲ್ಲ ಅಂತ?"

ಅತ್ತೆ ಕೇಳಿದ್ದು ಯಾರನ್ನೂ ಅಲ್ಲ. ಹಡಗಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಹೆಗಲಿನಿಂದ ಜಾರುತ್ತಲೇ ಇದ್ದ ಶಾಲನ್ನು ಎಳೆದುಕೊಳ್ಳುತ್ತ, ಸಮುದ್ರದ ಕಡೆ ಮುಖ ಮಾಡಿ ಆಡಿದ ಮಾತು ಅದು. ಆದರೂ ಒಳಗಿದ್ದ ಸೊಸೆ ಎದ್ದು ಬಂದಳು.

"ಕೊಡಿ ಇಲ್ಲಿ. ಗಾಳಿಗೆ ಬುದ್ಧಿ ಹೇಳೋ ಕೆಲಸ ನಂದು."

ಸೊಸೆ ಪರದೆ ಹೊಲಿಯುವವಳು. ಮನೆಗಳಿಗೆ, ಹೋಟೆಲುಗಳಿಗೆ, ಒಮ್ಮೊಮ್ಮೆ ದೊಡ್ಡ ಸಭಾಂಗಣಗಳಿಗೂ. ಕಿಟಕಿ ತೆರೆದಾಗ ಪರದೆ ಹಾರಾಡಬಾರದೆಂದು ಕೆಳಅಂಚನ್ನು ಮಡಿಸಿ, ಮಡಿಕೆಯೊಳಗೆ ಸಣ್ಣ ಸೀಸದ ಗುಂಡುಗಳನ್ನಿಟ್ಟು ಹೊಲಿಯುತ್ತಾರಲ್ಲ, ಅದರಲ್ಲಿ ಅವಳದು ಪಳಗಿದ ಕೈ. ಪ್ರವಾಸಕ್ಕೆ ಹೊರಟಾಗ ಔಷಧಿ ಚೀಲ ಮರೆತರೂ ಸೂಜಿ, ದಾರ, ಗುಂಡುಗಳಿದ್ದ ಡಬ್ಬಿಯನ್ನು ಮರೆತಿರಲಿಲ್ಲ. ಔಷಧಿ ತಂದವರು ಅತ್ತೆ.

ಹಡಗು ಹತ್ತಿದ ದಿನವೇ ಕೋಣೆ ಓರಣ ಮಾಡುವಾಕೆ ಇಬ್ಬರನ್ನೂ ಬಾಲ್ಕನಿಗೆ ಕರೆದು ಹೇಳಿದ್ದಳು. "ಹಗುರದ್ದು ಏನನ್ನೂ ಇಲ್ಲಿ ಬಿಟ್ಟು ಹೋಗಬೇಡಿ ಅಮ್ಮ. ಕನ್ನಡಕ, ಟೋಪಿ, ಟವೆಲ್ಲು, ಎಲ್ಲಾ ಒಳಗೆ. ಕಟಕಟೆ ಮೇಲೆ ಬಟ್ಟೆ ಒಣಗಿಸೋದಂತೂ ಬೇಡವೇ ಬೇಡ. ಇನ್ನೊಂದು ಮಾತು. ಬಾಲ್ಕನಿ ಬಾಗಿಲು ತೆಗೆದಿರುವಾಗ ಹೊರಗಿನ ಬಾಗಿಲು ತೆಗೀಬೇಡಿ. ಎರಡೂ ತೆರೆದರೆ ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೊರಟುಬಿಡತ್ತೆ. ಸಿಕ್ಕಿದ್ದನ್ನೆಲ್ಲ ಹೊತ್ಕೊಂಡು."

"ನೋಡಮ್ಮ," ಎಂದಿದ್ದಳು ಸೊಸೆ ನಗುತ್ತ, "ಗಾಳಿ ಬಟ್ಟೆ ಎರಡರ ಜೊತೆಗೇ ನನ್ನ ಸಂಸಾರ. ನೀನು ಚಿಂತೆ ಬಿಡು."

ಹಾಗೆ ಹೇಳಿದ ಮೇಲೆ ಸುಮ್ಮನಿರುವುದು ಹೇಗೆ? ಅತ್ತೆಯ ಚಪ್ಪಲಿಗಳನ್ನು ಕುರ್ಚಿ ಕಾಲಿಗೆ ಕಟ್ಟಿದಳು. ಕನ್ನಡಕಕ್ಕೆ ದಾರ ಪೋಣಿಸಿ ಕುತ್ತಿಗೆಗೆ ಹಾಕಿದಳು. "ನನ್ನನ್ನೂ ಕಟ್ಟಿಬಿಡೇ, ಹಾರಿಹೋದೇನು," ಎಂದು ಅತ್ತೆ ರೇಗಿಸಿದರು. "ನಿಮ್ಮ ತೂಕಕ್ಕೆ ಗಾಳಿಯೇ ಸುಸ್ತಾಗತ್ತೆ, ಸುಮ್ಮನಿರಿ," ಎಂದು ಸೊಸೆ ತಿರುಗಿಸಿ ಕೊಟ್ಟಳು. ಈಗ ಶಾಲಿನ ಸರದಿ. ಅಂಚನ್ನು ಬೆರಳಗಲ ಮಡಿಸಿ, ಗುಂಡುಗಳನ್ನು ಸಾಲಾಗಿ ಕೂರಿಸಿ ಹೊಲಿದು ಅತ್ತೆಯ ಹೆಗಲಿಗೆ ಹೊದಿಸಿದಳು. ಶಾಲು ಜಪ್ಪಯ್ಯ ಅಂದರೂ ಅಲುಗಾಡದೆ ಕೂತಿತು. ಅತ್ತೆ ಖುಷಿಯಾದರು.

ಅವರು ಹೊರಟದ್ದು ಅತ್ತೆಯ ಅಕ್ಕನನ್ನು ನೋಡಲು. ಮಾರನೆಯ ದಿನ ಹಡಗು ಕೆಲವು ತಾಸು ನಿಂತು ಮತ್ತೆ ಹೊರಡುವ ಬಂದರಿನ ಪಕ್ಕದ ಬೀದಿಯಲ್ಲೇ ಅಕ್ಕನ ಮನೆ. ಅತ್ತೆಗೆ ವಿಮಾನ ಆಗದು, ಕಿವಿಯೊಳಗೆ ಯಾರೋ ಮೊಳೆ ಹೊಡೆದ ಹಾಗಾಗುತ್ತದೆ. ಎಡಗಿವಿ ಯಾವತ್ತೋ ಕೈಕೊಟ್ಟಿತ್ತು. ಬಲಗಿವಿ ಕೇಳುತ್ತಿದ್ದುದು ಹುಣಸೆಬೀಜದಷ್ಟು ದೊಡ್ಡದೊಂದು ಕಿವಿ ಮಷೀನಿನ ದಯೆಯಿಂದ. ಅದಕ್ಕೇ ಸೊಸೆ ಹಡಗಿನ ಟಿಕೆಟ್ಟು ತೆಗೆದಿದ್ದಳು.

ಹೋಗಲೇಬೇಕಾದ ಕಾರಣವೊಂದಿತ್ತು. ಅಕ್ಕತಂಗಿಯರು ಚಿಕ್ಕವರಾಗಿದ್ದಾಗ ಅವರ ಅಜ್ಜಿ ಬೆಳಗಾಗೆದ್ದು ಇಬ್ಬರಿಗೂ ಪದ್ಯ ಬಾಯಿಪಾಠ ಮಾಡಿಸುತ್ತಿದ್ದರು. ನಾನು ಮೊದಲು, ನಾನು ಮೊದಲು ಎಂದು ಇಬ್ಬರೂ ಜುಟ್ಟು ಹಿಡಿದು ಜಗಳವಾಡುತ್ತಿದ್ದುದರಿಂದ ಅಜ್ಜಿ ಪದ್ಯವನ್ನೇ ಪಾಲು ಮಾಡಿದರು. ಮೊದಲ ಸಾಲು ಅಕ್ಕನದು, ಅದನ್ನು ಮುಗಿಸುವ ಸಾಲು ತಂಗಿಯದು. ಹಾಗೆ ಕಲಿತದ್ದು ಹಾಗೆಯೇ ಉಳಿಯಿತು. ಅಜ್ಜಿ ಹೋದ ಮೇಲೆ ಇಡೀ ಪದ್ಯ ಒಬ್ಬರಿಗೂ ಬರುತ್ತಿರಲಿಲ್ಲ. ಅಕ್ಕ ಹೇಳದೆ ತಂಗಿಯ ಬಾಯಲ್ಲಿ ಬಿಡಿ ತುಂಡುಗಳಷ್ಟೇ ಹುಟ್ಟುತ್ತಿದ್ದವು. ಈಗ ಅಕ್ಕ ಹಾಸಿಗೆ ಹಿಡಿದಿದ್ದರು, ದನಿ ಕುಗ್ಗಿತ್ತು. ಫೋನಿನಲ್ಲಂತೂ ಅದು ಉಸಿರಾಟದಂತೆ ಕೇಳುತ್ತಿತ್ತು, ಅಷ್ಟೆ. "ಚಿಕ್ಕಮ್ಮ, ಒಂದು ಸಲ ಪೂರ್ತಿ ಹೇಳಿಬಿಡೋಣ ಅಂತಿದ್ದಾರೆ ಅಮ್ಮ," ಎಂದು ಅಕ್ಕನ ಮಗಳು ತಿಳಿಸಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಬಿಸಿಲೇರಿತು. ಅತ್ತೆ ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿದರು. ಗಾಳಿಯಲ್ಲಿ ಮಷೀನು ಗಿರಣಿಯಂತೆ ಮೊರೆಯುತ್ತಿತ್ತು. ಅದನ್ನೂ ತೆಗೆದು ಪಕ್ಕದ ಪುಟ್ಟ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಹೊರಬಾಗಿಲು ತಟ್ಟಿದ ಸದ್ದಾಯಿತು. ಸೊಸೆ ಎದ್ದಳು, ಕೈಯಲ್ಲಿದ್ದ ದಾರದ ಉಂಡೆಯನ್ನು ಹಾಸಿಗೆಗೆಸೆದು ಬಾಗಿಲು ತೆಗೆದಳು. ಎದುರಿಗೆ ಚಹಾದ ತಟ್ಟೆ ಹಿಡಿದ ಕೋಣೆಯಾಕೆ. ಅವಳ ಕಣ್ಣು ಸೊಸೆಯನ್ನು ದಾಟಿ ತೆರೆದಿದ್ದ ಬಾಲ್ಕನಿಯತ್ತ ಹೋಯಿತು.

"ಅಯ್ಯೋ, ಆ ಬಾಗಿಲು..."

ಮಾತು ಮುಗಿಯಲಿಲ್ಲ. ಗಾಳಿ ಒಳನುಗ್ಗಿತು. ಹಾಸಿಗೆಯ ಹೊದಿಕೆ ಎದ್ದು ಕೂತಿತು. ಕುರ್ಚಿಯ ಮೇಲಿದ್ದ ಶಾಲು ಬರಿಯ ಶಾಲಾಗಿದ್ದರೆ ತನ್ನ ಪಾಡಿಗೆ ತಾನು ಹಾರುತ್ತಿತ್ತು. ಅಂಚಿನಲ್ಲಿ ಸೀಸವಿತ್ತು. ಅದು ಚಾಟಿಯಂತೆ ಬೀಸಿ ಬಂದು ಮೇಜನ್ನು ಗುಡಿಸಿ ನೆಲಕ್ಕೆ ಬಿತ್ತು. ಲೋಟ ಉರುಳಿತು. ಮಷೀನು ಕಾಣಲಿಲ್ಲ.

ಅತ್ತೆ ಕಣ್ಣುಬಿಟ್ಟರು. ಮೇಜು ನೋಡಿದರು, ಸೊಸೆಯ ಬಿಳಿಚಿದ ಮುಖ ನೋಡಿದರು. "ಹೋಯ್ತಾ?" ಎಂದರು ಮೆಲ್ಲಗೆ.

ಸೊಸೆ, ಕೋಣೆಯಾಕೆ ಇಬ್ಬರೂ ನೆಲಕ್ಕೆ ಕೂತು ಕುರ್ಚಿಯ ಕೆಳಗೆ, ಶಾಲಿನ ಮಡಿಕೆಯಲ್ಲಿ, ಚಪ್ಪಲಿಯೊಳಗೆ ತಡಕಾಡಿದರು. ಕಟಕಟೆಯ ಆಚೆ ನೀರು, ಬರಿಯ ನೀರು. ಸೊಸೆ ಅತ್ತೆಯ ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದಳು. "ನಂದೇ ತಪ್ಪು ಅತ್ತೆ! ಗುಂಡು ಹೊಲೀದೇ ಇದ್ದಿದ್ರೆ ಶಾಲೊಂದು ಹೋಗ್ತಿತ್ತು, ಕಿವಿ ಉಳೀತಿತ್ತು!"

ಅತ್ತೆ ಅವಳ ಕೆನ್ನೆ ತಟ್ಟಿದರು. "ನಾನು ಬೆಚ್ಚಗಿರಲಿ ಅಂತ ಹೊಲಿದಿದ್ದಲ್ವಾ? ಬಿಡು." ಸ್ವಲ್ಪ ಹೊತ್ತು ಸಮುದ್ರ ನೋಡಿದರು. "ನಾಳೆ ಅಕ್ಕನ ಬಾಯಿ ನೋಡ್ತಾ ಕೂರ್ತೀನಿ. ಅವಳ ಸಾಲು ಎಲ್ಲಿಗೆ ಮುಗೀತು ಅನ್ನೋದು ಗೊತ್ತಾಗಲ್ಲ. ಅಷ್ಟೇ ತಾನೆ." ಅಷ್ಟೇ ಎಂದರೂ ಅವರ ಕೈ ಬರಿಗಿವಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು.

ಆಗ ಪಕ್ಕದ ಬಾಲ್ಕನಿಯಿಂದ, ನಡುವಿನ ಅಡ್ಡಗೋಡೆಯ ಆಚೆಯಿಂದ, ಗುಡುಗಿನಂಥ ದನಿ ಬಂತು.

"ಯಾರ್ರೀ ಅದು ಹಡಗಿಗೆ ಜೀರುಂಡೆ ತಂದಿರೋರು? ಮನುಷ್ಯ ಮಲಗಬೇಕೋ ಬೇಡ್ವೋ?"

ಅಲ್ಲಿದ್ದವರು ನಿವೃತ್ತ ರೈಲು ಚಾಲಕರು. ರಾತ್ರಿಯೆಲ್ಲ ರೈಲು ಓಡಿಸಿ ಅಭ್ಯಾಸವಾಗಿ, ಈಗಲೂ ಹಗಲೇ ಮಲಗುತ್ತಿದ್ದರು. ಊಟದ ಮನೆಯಲ್ಲಿ ಅವರ ಗೊರಕೆಯ ಬಗ್ಗೆ ಸೊಸೆ ಒಂದೆರಡು ಮಾತು ಆಡಿದ್ದೂ ಉಂಟು.

"ಜೀರುಂಡೆ ಅಂದ್ರೆ?" ಎಂದು ಕೇಳುತ್ತ ಸೊಸೆ ಎದ್ದಳು.

"ಕುಂಯ್ಯೋ ಅಂತ ಒಂದೇ ಸಮ. ಕಾಲಡಿಯಿಂದಲೇ ಬರ್ತಿದೆ. ನಿಮಗೆ ಕೇಳಿಸ್ತಿಲ್ವಾ?"

"ಅಣ್ಣಾ!" ಸೊಸೆ ಅಡ್ಡಗೋಡೆಗೆ ಅಂಟಿಕೊಂಡಳು. "ಅದನ್ನ ತುಳೀಬೇಡಿ! ಜೀರುಂಡೆಯಲ್ಲ ಅದು, ನಮ್ಮತ್ತೆಯ ಕಿವಿ!"

ಆಚೆ ಕಾಲು ಹಿಂದಕ್ಕೆ ಸರಿದ ಸದ್ದಾಯಿತು. "ಏನಮ್ಮಾ ನೀನು ಹೇಳ್ತಿರೋದು?"

ಅತ್ತೆ ಮಷೀನನ್ನು ತೆಗೆದಿಡುವಾಗ ಆರಿಸಿರಲಿಲ್ಲ. ಅದು ಚಾಲೂ ಇದ್ದು ಯಾವುದಕ್ಕಾದರೂ ಒತ್ತಿಕೊಂಡರೆ ಸಿಳ್ಳೆ ಹಾಕುತ್ತದೆ. ಸೊಸೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಚಾಲಕರು ಗೊಣಗುತ್ತ ಮಂಡಿಯೂರಿದ್ದು, ಆಮೇಲೆ ಹೊಟ್ಟೆಯ ಮೇಲೇ ಮಲಗಿದ್ದು ಅಡ್ಡಗೋಡೆಯ ಕೆಳಗಿನ ಸಂದಿಯಲ್ಲಿ ಕಾಣಿಸಿತು. ಮಷೀನು ಅದೇ ಸಂದಿಯಲ್ಲಿ ಜಾರಿ, ಬಾಲ್ಕನಿಯ ಅಂಚಿಗೆ ನೀರು ಹರಿಯಲೆಂದು ಮಾಡಿದ ಕಿರಿದಾದ ಕಾಲುವೆಯಲ್ಲಿ ಸಿಕ್ಕಿಕೊಂಡಿತ್ತು. ಕಾಲುವೆಯ ತುದಿಯ ತೂತಿನಾಚೆ ಸಮುದ್ರ.

"ಕೈ ಹಾಕಿದ್ರೆ ಮುಂದಕ್ಕೆ ಹೋಗತ್ತೆ," ಎಂದರು ಅವರು, ಈಗ ದನಿ ಇಳಿಸಿ, ಮಷೀನು ಹೆದರಿಬಿಟ್ಟೀತು ಎಂಬಂತೆ. "ತಾಳಿ. ಯಾರೂ ಅಲುಗಾಡಬೇಡಿ." ಒಳಗೆ ಹೋಗಿ ಬೂಟು ಏರಿಸಿಕೊಳ್ಳುವ ಉದ್ದನೆಯ ಚಮಚ ತಂದರು. ತೂತಿನ ಕಡೆಯಿಂದ ಅದನ್ನು ಅಡ್ಡ ಹಿಡಿದು ಮೆಲ್ಲಮೆಲ್ಲನೆ ತಮ್ಮತ್ತ ಎಳೆದರು. ಸೊಸೆ ಸೆರಗನ್ನು ಬಾಯಿಗೆ ಕಚ್ಚಿಕೊಂಡಿದ್ದಳು. ಕೋಣೆಯಾಕೆ ಕಣ್ಣು ಮುಚ್ಚಿಕೊಂಡು ಏನನ್ನೋ ಪಿಸುಗುಟ್ಟುತ್ತಿದ್ದಳು. ಅತ್ತೆಗೆ ಏನೂ ಕೇಳದಿದ್ದರೂ ಎಲ್ಲರ ಮುಖ ನೋಡಿ ತಾವೂ ಉಸಿರು ಬಿಗಿಹಿಡಿದರು.

"ಸಿಕ್ಕಿತು," ಎಂದಿತು ಆಚೆಯ ದನಿ.

ಚಾಲಕರು ಹೊರಬಾಗಿಲಿಗೆ ಬಂದಾಗ ಸೊಸೆ ಮೊದಲು ಬಾಲ್ಕನಿ ಬಾಗಿಲನ್ನು ಭದ್ರವಾಗಿ ಎಳೆದು, ಆಮೇಲೆ ಬಾಗಿಲು ತೆಗೆದಳು. ಅವರ ಅಂಗಿಯ ಎದೆಯೆಲ್ಲ ಕೊಳೆ, ತಲೆಗೂದಲು ನಿಗುರಿತ್ತು. ಅಂಗೈಯಲ್ಲಿ ಮಷೀನು. ಅತ್ತೆ ಅದನ್ನು ಒರೆಸಿ ಕಿವಿಗೆ ಸಿಕ್ಕಿಸಿಕೊಂಡು ತಲೆ ವಾಲಿಸಿದರು. ಮೊದಲು ಕೇಳಿಸಿದ್ದು ಸೊಸೆಯ ಸೊರಸೊರ.

"ಮೂಗು ಒರೆಸ್ಕೊಳ್ಳೇ, ಕೇಳಿಸ್ತಿದೆ."

ಸೊಸೆ ಅಳುತ್ತಲೇ ನಕ್ಕು, ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಎದ್ದು ಕೈಮುಗಿದು ನಿಂತರು. "ನಿಮ್ಮ ನಿದ್ದೆ ಕೆಡದೇ ಇದ್ದಿದ್ರೆ ನನ್ನ ಕಿವಿ ಸಮುದ್ರದ ಪಾಲಾಗ್ತಿತ್ತು. ನಿಮ್ಮ ಹೊಟ್ಟೆ ತಣ್ಣಗಿರಲಿ ಅಣ್ಣ."

"ಅಯ್ಯೋ, ನನಗೇಕೆ ಕೈಮುಗೀತೀರಿ, ಅದು ತಾನೇ ಕೂಗಿ ಕರೀತು," ಎಂದು ಅವರು ಸಂಕೋಚದಿಂದ ಬೂಟಿನ ಚಮಚವನ್ನು ಬೆನ್ನ ಹಿಂದೆ ಇಟ್ಟುಕೊಂಡರು. ತಣ್ಣಗಾಗಿದ್ದ ಚಹಾವನ್ನೇ ನಾಲ್ವರೂ ಹಂಚಿಕೊಂಡು ಕುಡಿದರು. ಎಷ್ಟು ಬೇಡವೆಂದರೂ ಕೇಳದೆ ಅತ್ತೆ ಕೋಣೆಯಾಕೆಯನ್ನೂ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡಿದ್ದರು.

ಮಾರನೆಯ ದಿನ ಅಕ್ಕನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಗೋಡೆಯ ಗಡಿಯಾರವನ್ನೂ ತೆಗೆದು ಹೊರಗಿಟ್ಟಿದ್ದರು. ತಂಗಿಗೆ ಅಡ್ಡಿಯಾಗಬಾರದೆಂದು ಅಕ್ಕನೇ ಹೇಳಿ ಮಾಡಿಸಿದ್ದು. ಅತ್ತೆ ಮಂಚದ ಅಂಚಿಗೆ ಕೂತು ಬಲಗಿವಿಯನ್ನು ಅಕ್ಕನ ತುಟಿಯ ಹತ್ತಿರ ತಂದರು. ಅಕ್ಕನ ದನಿ ಹತ್ತಿಯ ಎಳೆಯಂತಿತ್ತು.

"ಹೊಳೆಯ ದಾಟಿಸಿದವನ ಹೆಸರನು..."

ಅತ್ತೆಯ ಸಾಲು ತಪ್ಪಲಿಲ್ಲ.

"ಕೇಳಿಕೊಳ್ಳದೆ ಬಂದೆನಲ್ಲಾ..."

"ತಿರುಗಿ ನೋಡಿದರಲ್ಲಿ ದೋಣಿಯು..."

"ಮತ್ತೊಬ್ಬರನು ಕಾದು ನಿಂತಿದೆ..."

ಸೊಸೆ ಬಾಗಿಲ ಬಳಿ ನೆಲದ ಮೇಲೆ ಕೂತು ಕೇಳಿದಳು. ಮನೆಯಲ್ಲಿ ಬೆಳಗಿನ ಹೊತ್ತು ಅತ್ತೆಯ ಬಾಯಿಂದ ಆಗಾಗ ಉದುರುತ್ತಿದ್ದ ತುಂಡು ಸಾಲುಗಳು ಅವಳಿಗೆ ಗೊತ್ತಿದ್ದವು. ಅವು ಹೀಗೆ ಅಕ್ಕನ ಮೊದಲ ಸಾಲುಗಳ ಜೊತೆ ಕೂಡಿಕೊಂಡದ್ದನ್ನು ಅವಳು ಕೇಳಿದ್ದು ಇದೇ ಮೊದಲು. ಸುಸ್ತಾದಾಗ ಅಕ್ಕ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅತ್ತೆ ಅವಸರಿಸದೆ ಕಾಯುತ್ತಿದ್ದರು. ಆಮೇಲೆ ಮತ್ತೆ ಎಳೆ ಹೊರಡುತ್ತಿತ್ತು. ಅಕ್ಕನ ಮಗಳು ಬಂದು ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂತಳು.

ಬಂದರಿನಿಂದ ಹಡಗಿನ ಕೂಗು ಕೇಳಿಸಿತು. ಹೊರಡುವವರಿಗೆ ಮೊದಲ ಕರೆ. ಸೊಸೆ ಗಡಿಯಾರವಿಲ್ಲದ ಗೋಡೆಯತ್ತ ನೋಡಿ, ಎದ್ದು ಬಂದು ಅತ್ತೆಯ ಭುಜ ಮುಟ್ಟಿದಳು.

"ಅತ್ತೆ, ಈಗ ಹೊರಟ್ರೆ ಸರಿಯಾಗತ್ತೆ. ಉಳಿದದ್ದನ್ನ ಇನ್ನೊಂದು ಸಲ ಬಂದು ಹೇಳೋಣ. ಏಳಿ."

ಅಕ್ಕ ಕಣ್ಣು ತೆರೆದು ಮುಂದಿನ ಸಾಲಿಗೆ ತುಟಿ ಅಲುಗಿಸುತ್ತಿದ್ದರು. ಅತ್ತೆ ಕಿವಿಯನ್ನು ಅಲ್ಲಿಂದ ಕದಲಿಸದೆ, ಸೊಸೆಯ ಕೈಯನ್ನು ಪ್ರೀತಿಯಿಂದ ಭುಜದ ಮೇಲಿನಿಂದ ಇಳಿಸಿದರು.

"ಏಳೋದಿಲ್ಲ," ಎಂದರು.