ಮಗುವಿನ ಪಕ್ಕ ಕೂರುವ ಹೊತ್ತು

ನಮ್ಮ ಲಾಂಡ್ರಿಗೆ ಕಿಟಕಿಗಳಿವೆ. ಆದರೆ ಎಲ್ಲ ಸೂರಿನ ಹತ್ತಿರ. ಹಬೆ ಹೊರಗೆ ಹೋಗಲಿ ಎಂದು ಇಟ್ಟದ್ದು, ನಾವು ಹೊರಗೆ ನೋಡಲಿ ಎಂದಲ್ಲ. ದೊಡ್ಡ ಹೋಟೆಲೊಂದರ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವೆಲು ನಮ್ಮಲ್ಲಿಗೆ ಬರುತ್ತವೆ. ಸಂಜೆ ಐದಕ್ಕೆ ಗಂಟೆ ಹೊಡೆಯುತ್ತದೆ. ಅದು ಆಫೀಸಿನವರಿಗೆ. ನಾವು ಬಟ್ಟೆ ಮುಗಿಯುವವರೆಗೆ ಇರಬೇಕು. ಬಟ್ಟೆ ಮುಗಿಯುವುದು ಅಂತ ಒಂದಿಲ್ಲ, ಜನ ಮಲಗುವುದನ್ನು ಬಿಡುವುದಿಲ್ಲವಲ್ಲ. ಹೆಚ್ಚಿನ ಹೊತ್ತಿಗೆ ಹೆಚ್ಚಿನ ಕೂಲಿ ಕೇಳಿದರೆ ಮೇಲ್ವಿಚಾರಕ ಗದರುತ್ತಿದ್ದ. ಅವನ ದನಿಗೆ ಯಂತ್ರಗಳೇ ಒಂದು ಕ್ಷಣ ನಿಂತಂತಾಗುತ್ತಿತ್ತು. ಅದಕ್ಕೇ ನಾವು ಅವನಿಗೆ ಗಂಟಲು ಎಂದು ಹೆಸರಿಟ್ಟಿದ್ದೆವು.

ನಾನು ಬಟ್ಟೆ ಮಡಚುವವಳು. ನನ್ನ ಪಕ್ಕದ ಮೇಜಿನಲ್ಲಿ ಇಸ್ತ್ರಿ ಅಕ್ಕ. ಅವಳ ಗಂಡ ಲಾರಿ ಓಡಿಸುತ್ತಾನೆ, ಬಂದಾಗ ಬಂದ. ಮನೆಯೆಂದರೆ ಒಂದೇ ಕೋಣೆ. ಅದರಲ್ಲಿ ಕಿವಿ ಕೇಳದ ಅತ್ತೆ, ಚಿಕ್ಕ ಮಗ, ಮತ್ತು ಶಾಲೆ ಮುಗಿಸಿ ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಮಗಳು. ಓದುತ್ತಿದ್ದಳು ಎನ್ನುವುದು ಸುಮ್ಮನೆ ಮಾತಿಗೆ. ನೀರು ಹಿಡಿದು, ಅಡುಗೆ ಮಾಡಿ, ಅಜ್ಜಿಗೆ ಉಣಿಸಿ, ತಮ್ಮನನ್ನು ಬೀದಿಯಿಂದ ಎಳೆದು ತಂದು ಪುಸ್ತಕ ತೆರೆಯುವಷ್ಟರಲ್ಲಿ ಹುಡುಗಿಯ ಕಣ್ಣು ಮುಚ್ಚಿ ಬರುತ್ತಿತ್ತು.

ಹೀಗಿರುವಾಗ ಹೋಟೆಲಿನವರು ಲಾಂಡ್ರಿಯ ಯಜಮಾನರಿಗೆ ಒಂದು ಮಾತು ಹೇಳಿ ಕಳಿಸಿದರಂತೆ. ಕೆಲಸಗಾರರ ಕುಟುಂಬಗಳಿಗೆ ಏನು ಮಾಡುತ್ತೀರಿ ಎಂದು ತೋರಿಸಿ, ಇಲ್ಲವಾದರೆ ಬಟ್ಟೆ ಬೇರೆಯವರಿಗೆ ಕೊಡುತ್ತೇವೆ ಎಂದು. ಯಜಮಾನರು ಯೋಚಿಸಿದರು. ಕೂಲಿ ಹೆಚ್ಚಿಸುವುದು ದುಬಾರಿ. ಫ್ಯಾನು ಹಾಕಿಸುವುದೂ ದುಬಾರಿ. ಸಲಹೆ ಅಗ್ಗ. ಮಕ್ಕಳನ್ನು ಕಾಲೇಜಿಗೆ ಹೇಗೆ ಸಿದ್ಧಪಡಿಸಬೇಕು ಎಂದು ಹೇಳುವ ಸಲಹೆಗಾರರೊಬ್ಬರನ್ನು ಕರೆಸಿದರು. ನಮ್ಮನ್ನು ಒದ್ದೆ ಕೈಯಲ್ಲೇ ಬೆಂಚುಗಳ ಮೇಲೆ ಕೂರಿಸಿದರು.

ಸಲಹೆಗಾರರು ಒಳ್ಳೆಯ ಮನುಷ್ಯ. ಒಳ್ಳೆಯ ಮಾತನ್ನೇ ಆಡಿದರು. ಎಡವಟ್ಟಾದದ್ದು ಅದರಿಂದಲೇ. ಮಗುವಿಗೆ ಓದಲು ಪ್ರತ್ಯೇಕ ಕೋಣೆ ಇರಬೇಕು, ಗೋಡೆಗೆ ತಿಳಿ ಬಣ್ಣವಿರಬೇಕು ಎಂದರು. ಹಣ್ಣು ಕೊಡಿ, ಬೈಯಬೇಡಿ, ದಿನವೂ ಮನಸ್ಸು ಹೇಗಿದೆ ಎಂದು ವಿಚಾರಿಸಿ ಎಂದರು. ಎಲ್ಲಕ್ಕಿಂತ ಮುಖ್ಯ, ಸಂಜೆ ಆರಕ್ಕೆ ತಾಯಿ ಮಗುವಿನ ಪಕ್ಕ ಕೂತಿರಬೇಕು ಎಂದರು.

ಇಸ್ತ್ರಿ ಅಕ್ಕ ಕೈ ಎತ್ತಿ ನಿಂತಳು.

"ನಮ್ಮನ್ನ ಇಲ್ಲಿಂದ ಬಿಡೋದೇ ಕತ್ತಲಾದ ಮೇಲೆ ಸಾರ್. ಆರಕ್ಕೆ ಹೇಗೆ ಕೂರೋದು?"

"ಸಮಯ ನಾವೇ ಮಾಡ್ಕೋಬೇಕಮ್ಮ. ಯಾವ ಕೆಲಸವೂ ಮಗುವಿಗಿಂತ ದೊಡ್ಡದಲ್ಲ."

ಯಜಮಾನರು ಎದ್ದು ಮೈಕು ಹಿಡಿದು ಆ ಮಾತನ್ನೇ ಇನ್ನೊಮ್ಮೆ ಹೇಳಿದರು. ಫೋಟೋದವನು ಸರಿಯಾಗಿ ಬಂದಿಲ್ಲ ಎಂದದ್ದಕ್ಕೆ ಮತ್ತೂ ಒಮ್ಮೆ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ಸಭೆ ಮುಗಿದದ್ದೇ ತಡ, ಇಲ್ಲಿ ಕೂತ ಹೊತ್ತನ್ನು ರಾತ್ರಿ ತುಂಬಿಕೊಡಬೇಕು ಎಂದು ಗಂಟಲು ಕೂಗಿದ.

ಇಸ್ತ್ರಿ ಅಕ್ಕ ಸಲಹೆಯನ್ನು ತಲೆಗೆ ಹಚ್ಚಿಕೊಂಡಳು. ಹಳೇ ಬೆಡ್‌ಶೀಟು ಕಟ್ಟಿ ಕೋಣೆಯ ಮೂಲೆಯನ್ನು ಮಗಳಿಗೆ ಪ್ರತ್ಯೇಕ ಮಾಡಿಕೊಟ್ಟಳು. ಅತ್ತೆಯ ಮಂಚದ ಕಾಲ ಕಡೆಯ ಭಾಗ ಪರದೆಯ ಒಳಗೆ ಹೋಯಿತು. ತನ್ನ ಕಾಲು ಯಾರೋ ಒಯ್ದರು ಎಂದು ಮುದುಕಿ ಬೊಬ್ಬೆ ಹಾಕಿತು. ಅಕ್ಕ ಮಗಳನ್ನು ನಿನ್ನ ಮನಸ್ಸು ಹೇಗಿದೆ ಎಂದು ಕೇಳಿದಳು. ಹುಟ್ಟಿದಾಗಿನಿಂದ ಅಂಥ ಮಾತು ಕೇಳದ ಹುಡುಗಿ ಗಾಬರಿಬಿದ್ದು ತಾಯಿಯ ಹಣೆ ಮುಟ್ಟಿ ಜ್ವರ ನೋಡಿದಳಂತೆ. ಇದನ್ನು ಅಕ್ಕ ಹೇಳುವಾಗ ನಾವು ನಕ್ಕು ನಕ್ಕು ಮಡಚಿದ ಬಟ್ಟೆಯೆಲ್ಲ ಜಾರಿಬಿತ್ತು. ಅವಳು ಮಾತ್ರ ನಗಲಿಲ್ಲ.

"ಕಾಲೇಜು ಸಿಗಲಿಲ್ಲ ಅಂದ್ರೆ ಇಲ್ಲೇ ಒಂದು ಮೇಜು ಖಾಲಿ ಇದೆ, ಕಳಿಸು ಅಂತ ನಿನ್ನೆ ಗಂಟಲು ಹೇಳ್ದ ಕಣೇ," ಎಂದಳು. ತೋಳಿನ ಮೇಲಿನ ಸುಟ್ಟ ಗಾಯದ ಗುರುತುಗಳನ್ನು ಒಮ್ಮೆ ಸವರಿಕೊಂಡಳು.

ಅಂದು ಸಂಜೆ ಐದರ ಗಂಟೆ ಹೊಡೆದಾಗ ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ನಡೆದಳು. ಗಂಟಲು ಕೂಗಿದ. ಕೂಗು ಕೇಳಿ ಯಜಮಾನರೇ ಆಫೀಸಿನಿಂದ ಹೊರಗೆ ಬಂದರು.

"ಎಲ್ಲಿಗೆ?"

"ಮಗಳ ಪಕ್ಕ ಕೂರೋಕೆ. ನೀವೇ ಹೇಳಿದ್ರಲ್ಲ, ಯಾವ ಕೆಲಸವೂ ಮಗುವಿಗಿಂತ ದೊಡ್ಡದಲ್ಲ ಅಂತ. ಎರಡು ಸಲ ಹೇಳಿದ್ರಿ."

ಯಜಮಾನರಿಗೆ ಸಿಟ್ಟಿನಲ್ಲಿ ಬಾಯಿ ತಪ್ಪಿತು. "ನಿನಗೊಬ್ಬಳಿಗೇನಾ ಮಕ್ಕಳಿರೋದು?" ಎಂದುಬಿಟ್ಟರು.

ಆ ಪ್ರಶ್ನೆಯನ್ನು ಅವರು ಕೇಳಬಾರದಿತ್ತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಗೆಯುವ ಕಡೆಯಿಂದ ಒಬ್ಬಳು ಎದ್ದಳು. ಹಿಂಡುವ ಯಂತ್ರದಿಂದ ಇಬ್ಬರು ಬಂದರು. ನನ್ನ ಮಗ ಓದು ಬಿಟ್ಟು ಎಷ್ಟೋ ಕಾಲವಾಗಿದೆ, ಮೀಸೆ ಬಿಟ್ಟು ವ್ಯಾನು ಓಡಿಸುತ್ತಿದ್ದಾನೆ. ಆದರೂ ಎದ್ದೆ. ಕೊನೆಗೆ ಸೋಪಿನ ನೀರು ಕಲಸುವ ಸೋಪಜ್ಜಿಯೂ ಎದ್ದಳು. ಅವಳಿಗೆ ಮದುವೆಯೇ ಆಗಿಲ್ಲ.

"ನಿನಗೆಲ್ಲಿಯ ಮಗು ಮುದುಕಿ?" ಎಂದ ಗಂಟಲು.

"ಇವಳ ಮಗಳು ನನಗೂ ಮೊಮ್ಮಗಳೇ. ಒಂದು ಪಕ್ಕ ಇವಳು ಕೂತ್ರೆ ಇನ್ನೊಂದು ಪಕ್ಕ ಖಾಲಿ ಅಲ್ವೇನಪ್ಪ," ಎಂದು ಸೋಪಜ್ಜಿ ಸೊಂಟ ಹಿಡಿದುಕೊಂಡು ಹೊರಟಳು.

ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಆ ಬೀದಿಯನ್ನು ನಾವು ಸಂಜೆಯ ಬೆಳಕಿನಲ್ಲಿ ನೋಡಿಯೇ ಇರಲಿಲ್ಲ. ನೀಲಿ ಬಾಗಿಲ ಮನೆಯೊಂದಿದೆ ಎಂದು ನನಗೆ ಗೊತ್ತಾದದ್ದೇ ಅಂದು. ಇಸ್ತ್ರಿ ಅಕ್ಕ ಮನೆ ಹೊಕ್ಕಾಗ ಮಗಳು ಬಿಂದಿಗೆ ಹಿಡಿದವಳು ಹಾಗೆಯೇ ನಿಂತು, "ಕೆಲಸದಿಂದ ತೆಗೆದುಹಾಕಿದ್ರಾ ಅಮ್ಮ?" ಎಂದಳಂತೆ. ತಾಯಿ ಬಿಂದಿಗೆ ಕಸಿದುಕೊಂಡು ಅವಳನ್ನು ಪರದೆಯ ಹಿಂದೆ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ ಮಗಳು, "ಹೀಗೆ ನೋಡ್ತಾ ಕೂತ್ರೆ ಒಂದಕ್ಷರವೂ ತಲೆಗೆ ಹತ್ತಲ್ಲಮ್ಮ. ನೀನು ಅಡುಗೆ ಮಾಡು, ಸಾಕು," ಎಂದಳು. ತಾಯಿ ಎದ್ದು ಒಲೆ ಹಚ್ಚಿದಳು. ಹುಡುಗಿ ಅಂದು ಮೊದಲ ಸಲ ನಿದ್ದೆ ಬರುವ ಮುಂಚೆ ಪಾಠ ಮುಗಿಸಿದಳು.

ಮರುದಿನವೂ ಐದಕ್ಕೆ ಎದ್ದೆವು. ಅದರ ಮರುದಿನವೂ. ಕೂಲಿ ಮುರಿಯುತ್ತೇನೆ ಎಂದರು ಯಜಮಾನರು. ಕೊಡದ ಕೂಲಿಯಲ್ಲಿ ಮುರಿಯುವುದೇನು ಎಂದೆವು. ಕೆಲಸದಿಂದ ತೆಗೆದರೆ ಹೋಟೆಲಿನವರಿಗೆ ಉತ್ತರ ಹೇಳಬೇಕು, ಅದಕ್ಕೆ ಅವರು ಸಲಹೆಗಾರರನ್ನೇ ಮತ್ತೆ ಕರೆಸಿದರು. ಪಾಪ, ಈ ಸಲ ಅವರು ನಮ್ಮ ಕಡೆ ನೋಡದೆ ಮಾತಾಡಿದರು. ಮಕ್ಕಳನ್ನು ಸ್ವತಂತ್ರವಾಗಿ ಬಿಡಬೇಕಂತೆ. ತಾಯಿ ತಡವಾಗಿ ಬಂದರೆ ಮಗುವಿಗೆ ದುಡಿಮೆಯ ಬೆಲೆ ತಿಳಿಯುತ್ತದಂತೆ. ಮಾತಿನ ನಡುವೆ ಗಂಟೆ ಹೊಡೆಯಿತು. ನಾವು ಚಪ್ಪಾಳೆ ತಟ್ಟಿ ಎದ್ದೆವು.

ಹುಡುಗಿ ಪರೀಕ್ಷೆ ಬರೆದಳು. ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅದೇ ವಾರ ಯಜಮಾನರು ಸಂಜೆಯ ಪಾಳಿಗೆ ಹೊಸ ಹೆಂಗಸರನ್ನು ತಂದರು. ನಮಗಿಂತ ಕಡಿಮೆ ಕೂಲಿಗೆ ಒಪ್ಪಿದವರು. ಐದಕ್ಕೆ ನಾವು ಗೇಟಿನಿಂದ ಹೊರಗೆ ಬರುವಾಗ ಅವರು ಒಳಗೆ ಹೋಗಲು ನಿಂತಿದ್ದರು. ನಮ್ಮನ್ನು ನೋಡಿ ತಲೆ ತಗ್ಗಿಸಿದರು. ನಮ್ಮಲ್ಲಿ ಕೆಲವರಿಗೆ ರೇಗಿತು. ಒಬ್ಬಳು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೊರಟಳು. ಇಸ್ತ್ರಿ ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು. ಮುಂದೆ ನಿಂತಿದ್ದ ಹೊಸಬಳ ಹತ್ತಿರ ಹೋಗಿ ಕೇಳಿದಳು.

"ಮನೇಲಿ ಓದೋ ಮಕ್ಕಳಿದ್ದಾರೇನಮ್ಮ?"

"ಇಬ್ಬರು ಇದ್ದಾರಕ್ಕ."

"ಈಗ ಅವರ ಹತ್ರ ಯಾರಿದ್ದಾರೆ?"

ಹೊಸಬಳು ತಾನು ಬಂದ ದಾರಿಯ ಕಡೆ ತಿರುಗಿ ನೋಡಿದಳು. ಅವಳ ಹಿಂದಿನವಳ ಕಣ್ಣು ತುಂಬಿತು. ಸೋಪಜ್ಜಿ ಗೇಟಿನ ಪಕ್ಕದ ಕಟ್ಟೆಯ ಧೂಳು ಕೊಡವಿ ಕೂತು, ಅವರಿಗೂ ಜಾಗ ಬಿಟ್ಟಳು. ಒಬ್ಬೊಬ್ಬರೇ ಬಂದು ಕೂತರು. ನಾವೂ ಕೂತೆವು. ಒಳಗಿನಿಂದ ಗಂಟಲು ಕೂಗುತ್ತಲೇ ಇದ್ದ. ಹೊಸಬಳು ಚಪ್ಪಲಿ ಕಳಚಿ ಬದಿಗಿಟ್ಟು, "ನಿಮಗೆ ಎಷ್ಟು ಕೂಲಿ ಕೊಡ್ತಾರಕ್ಕ?" ಎಂದು ಕೇಳಿದಳು.