ನಾಲ್ಕು ಬಣ್ಣದ ಹುಂಜ

ಆ ಬೀದಿಯ ಮಕ್ಕಳೆಲ್ಲ ಚಳಿಗಾಲದಲ್ಲಿ ಸ್ವೆಟರಿನ ಎದೆಯ ಮೇಲೆ ಒಂದು ಹುಂಜ ಹೊತ್ತುಕೊಂಡೇ ಬೆಳೆದವರು. ಆ ಸ್ವೆಟರುಗಳನ್ನು ಹೆಣೆದವರು ಅತ್ತೆ. ಈಗ ಅವರ ಬೆರಳುಗಳು ಗಂಟುಕಟ್ಟಿಕೊಂಡು, ಕಡ್ಡಿ ಹಿಡಿಯುವ ಮಾತೇ ಇಲ್ಲ. ಅದಕ್ಕೇ ಮನೆಯ ಮುಂದಿನ ಕೋಣೆಗೆ ಹೆಣೆಯುವ ಮೆಷಿನ್ ಬಂತು. ಅದರ ಜೊತೆಗೆ ಸಿದ್ಧ ಚಿತ್ರಗಳ ಒಂದು ರಾಶಿಯೂ ಬಂತು: ಕರಡಿ, ಕಾರು, ಹೃದಯ, ಇನ್ನೇನೋ ಹಾಳುಮೂಳು.

ಮೆಷಿನ್ ನಡೆಸುವವನು ಅತ್ತೆಯ ಕಿರಿಮಗ, ಸೊಸೆಯ ಮೈದುನ. "ನೋಡಿ ಅತ್ತಿಗೆ, ನಾಳೆಯಿಂದ ಚಳಿಗಾಲದ ಮಾಲು ಶುರು. ಸಂಜೆಯೊಳಗೆ ಅಮ್ಮನ ಹುಂಜ ಇದಕ್ಕೆ ಇಳಿದರೆ ಸರಿ. ಇಲ್ಲಾಂದ್ರೆ ಕರಡಿ ಹಾಕ್ತೀನಿ. ಆಮೇಲೆ ನನ್ನ ಮೇಲೆ ಹರಿಹಾಯಬೇಡಿ."

ಕರಡಿ ಅಂದ ಕೂಡಲೇ ಸೊಸೆಗೆ ಮೈಯೆಲ್ಲ ಉರಿಯಿತು. ಆದರೆ ಹುಂಜ ತಯಾರಾಗಿಯೇ ಇತ್ತಲ್ಲ.

ಆ ಹುಂಜ ಯಾವ ಕಾಗದದ ಮೇಲೂ ಇರಲಿಲ್ಲ, ಇದ್ದದ್ದು ಅತ್ತೆಯ ತಲೆಯಲ್ಲಿ. ಅವರು ಕಣ್ಣುಮುಚ್ಚಿ ಹೇಳುತ್ತ ಹೋಗಿದ್ದರು, ಸೊಸೆ ಕಂಪ್ಯೂಟರಿನಲ್ಲಿ ಒಂದೊಂದೇ ಚೌಕದ ಮನೆಗೆ ಬಣ್ಣ ತುಂಬಿದ್ದಳು. ಒಂದು ಮನೆ ಅಂದರೆ ದಾರದ ಒಂದು ಕುಣಿಕೆ. "ಮೂರು ಹಳದಿ, ಒಂದು ಕಪ್ಪು, ಮತ್ತೆ ಬಿಳಿ. ಅಯ್ಯೋ, ನಿಧಾನ ಕಣೇ, ನಾನಿನ್ನೂ ಕಾಲಲ್ಲೇ ಇದೀನಿ, ನೀನು ಕತ್ತಿಗೆ ಹೋಗಿಬಿಟ್ಟೆ." ಕೆಂಪು, ಹಳದಿ, ಕಪ್ಪು, ಬಿಳಿ. ನಾಲ್ಕೇ ಬಣ್ಣ, ಮೆಷಿನ್‌ಗೆ ಏರಿಸಿದ ದಾರವೂ ನಾಲ್ಕೇ.

ಮಧ್ಯಾಹ್ನ ಫೈಲ್ ಮೆಷಿನ್‌ಗೆ ಹೋಯಿತು. ಮೆಷಿನ್ ಗಡಗಡ ಅಂತ ಹೆಣೆದು ಕೆಳಗೆ ಬಿಟ್ಟ ತುಂಡನ್ನು ಅತ್ತೆ ಎತ್ತಿ ಬೆಳಕಿಗೆ ಹಿಡಿದರು. ಜುಟ್ಟಿನ ಸುತ್ತ ಕಪ್ಪು ಚುಕ್ಕೆ, ಬಾಲದ ತುಂಬ ಎಲ್ಲೆಂದರಲ್ಲಿ ಹಳದಿ ಚುಕ್ಕೆ.

"ಸಿಡುಬು ಎದ್ದಿದೆ ಅಮ್ಮಾ ನಿನ್ನ ಹುಂಜಕ್ಕೆ," ಅಂತ ಮೈದುನ ನಕ್ಕ.

ಅತ್ತೆ ನಗಲಿಲ್ಲ. "ನಾನೇ ತಪ್ಪು ಹೇಳಿರಬೇಕು. ಬೆರಳು ಹೋಯ್ತು, ಈಗ ತಲೇನೂ ಹೋಯ್ತು ಅಷ್ಟೆ. ಕರಡೀನೇ ಹಾಕು ಮಗ," ಅಂದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಸೊಸೆ ಕಂಪ್ಯೂಟರಿನ ಮುಂದೆ ಕೂತಳು. ಕೈಲಾಗದ ಮುದುಕಿ ಅನ್ನಿಸಿಕೊಳ್ಳುವುದನ್ನು ಅತ್ತೆ ಹೇಗೋ ಸಹಿಸಿದ್ದರು. ತಾವು ಮರೆವಿನ ಮುದುಕಿ ಅಂತ ತಾವೇ ನಂಬಿಬಿಟ್ಟರೆ ಅವರು ಮತ್ತೆ ಏಳುವುದಿಲ್ಲ. ಏನಾದರಾಗಲಿ, ತಪ್ಪು ಅತ್ತೆಯದ್ದಲ್ಲ ಅಂತ ತೋರಿಸಲೇಬೇಕು.

ಅವಳು ಮೆಷಿನ್‌ಗೆ ಕೊಟ್ಟ ಫೈಲ್ ತೆರೆದು ಜುಟ್ಟನ್ನು ದೊಡ್ಡದು ಮಾಡಿ ನೋಡಿದಳು. ಕೆಂಪಿನ ಅಂಚಿನಲ್ಲಿ ಮಸುಕು ಕಂದು, ಮಾಸಲು ಗುಲಾಬಿ, ಹೆಸರೇ ಇಲ್ಲದ ಬಣ್ಣಗಳ ಪುಡಿ. ಇವನ್ನು ಅತ್ತೆ ಹೇಳಿರಲಿಲ್ಲ, ತಾನೂ ತುಂಬಿರಲಿಲ್ಲ. ಹಾಗಾದರೆ ಬಂದದ್ದೆಲ್ಲಿಂದ? ತಾನು ಮೊದಲು ಬರೆದ ಮೂಲ ಚಿತ್ರ ತೆರೆದಳು. ಅಲ್ಲಿ ಜುಟ್ಟು ತೊಳೆದಿಟ್ಟ ಹಾಗಿತ್ತು.

ಅವಳು ಹಣೆ ಚಚ್ಚಿಕೊಂಡಳು. ಫೋಟೋ ಸೇವ್ ಮಾಡುವ ಅಭ್ಯಾಸಬಲದಲ್ಲಿ ಹುಂಜವನ್ನೂ ಜೆಪೆಗ್ ಅನ್ನುವ ಬಗೆಯ ಫೈಲ್ ಮಾಡಿದ್ದಳು. ಅದು ಫೈಲ್ ಚಿಕ್ಕದು ಮಾಡಲು ಬಣ್ಣಕ್ಕೆ ಬಣ್ಣ ಕಲಸುತ್ತದೆ. ಮುಖದ ಫೋಟೋದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಕಲಸಿದ ಒಂದೊಂದು ಮನೆಗೂ ಪಾಪ ಮೆಷಿನ್ ತನಗೆ ತೋಚಿದ ದಾರ ಹಾಕಿತ್ತು.

"ಅಷ್ಟೇನಾ? ಫೈಲ್ ಹೆಸರಿನ ಕೊನೇಲಿ ಜೆಪೆಗ್ ಅಳಿಸಿ ಪಿಎನ್‌ಜಿ ಅಂತ ತಿದ್ದಿದ್ರೆ ಆಯ್ತು," ಅಂದ ಮೈದುನ.

"ಹುಳಿಯಾದ ಹಾಲನ್ನ ಬೇರೆ ಪಾತ್ರೆಗೆ ಸುರಿದ್ರೆ ಸರಿಹೋಗುತ್ತೇನಪ್ಪ? ಸುಮ್ನಿರು."

ಅವಳು ಮೂಲದಿಂದಲೇ ಹೊಸದಾಗಿ ಪಿಎನ್‌ಜಿ ಆಗಿ ಸೇವ್ ಮಾಡಿದಳು. ಆ ಬಗೆಯ ಫೈಲ್ ಒಂದು ಮನೆಯ ಬಣ್ಣವನ್ನೂ ಅತ್ತಿತ್ತ ಮಾಡುವುದಿಲ್ಲ. ನಂಬಿಕೆ ಸಾಲದೆ ಮತ್ತೆ ತೆರೆದು ನೋಡಿದಳು. ಮೈದುನ ಫೋನ್ ಚಾಚಿ "ಇದಕ್ಕೆ ಕಳಿಸಿ" ಅಂದ. ಮೆಸೇಜಿನಲ್ಲಿ ಹೋದ ಚಿತ್ರವೂ ಹಾಗೇ ಬಣ್ಣ ಕಲಸಿಕೊಂಡು ಹೋಗುತ್ತದೆಂದು ನೆನಪಾಗಿ, ಅವಳು ಪೆನ್‌ಡ್ರೈವ್ ಹುಡುಕಿ ತಾನೇ ತಂದು ಚುಚ್ಚಿದಳು.

ಮೆಷಿನ್ನಿನ ಪರದೆ ಒಂದು ಗಳಿಗೆ ಯೋಚಿಸಿತು. ಆಮೇಲೆ ಬಂತು: ಬಣ್ಣಗಳು, ನಾಲ್ಕು.

ಮೈದುನ ಗುಂಡಿ ಒತ್ತಿದ. ಕಾಲು ಬಂತು, ಹೊಟ್ಟೆ ಬಂತು, ರೆಕ್ಕೆ ಬಂತು. ಒಂದು ಚುಕ್ಕೆಯೂ ಇಲ್ಲ. ಜುಟ್ಟು ಬರುವಷ್ಟರಲ್ಲಿ ಸೊಸೆ ಅಳುತ್ತಿದ್ದಳು, ಖುಷಿಯಿಂದ, ನಾಚಿಕೆಯಿಲ್ಲದೆ.

ಮೆಷಿನ್ನಿನಿಂದ ಆಗಷ್ಟೇ ಇಳಿದ ತುಂಡನ್ನು ಒಯ್ದು ಅತ್ತೆಯ ಮಡಿಲಿಗೆ ಹಾಕಿದಳು. "ನೀವು ಒಂದು ಮನೇನೂ ತಪ್ಪು ಹೇಳಿರಲಿಲ್ಲ ಅತ್ತೆ. ಕೆಡಿಸಿದ್ದು ನಾನು, ಸೇವ್ ಮಾಡೋವಾಗ."

ಅತ್ತೆ ಎದ್ದು ಕೂತರು. ಸೆಟೆದ ಹೆಬ್ಬೆರಳನ್ನು ಕಾಲಿನಿಂದ ಜುಟ್ಟಿನವರೆಗೆ ಸಾಲುಸಾಲಾಗಿ ಎಳೆದರು, ತುಟಿ ಎಣಿಸುತ್ತಿತ್ತು. ಕೊನೆಯ ಸಾಲು ಮುಗಿದ ಮೇಲೆ ಸೊಸೆಯ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟರು. "ಹೆದರಿಸಿಬಿಟ್ಟಿದ್ದೆ ಕಣೇ ನನ್ನ."

ಆಮೇಲೆ ಚಪ್ಪಲಿ ಮೆಟ್ಟಿ, ತುಂಡು ಹಿಡಿದು, ನೆಟ್ಟಗೆ ಬೀದಿಗೇ ಇಳಿದರು. ಸೊಸೆ, ಮೈದುನ ಹಿಂದೆಯೇ ಓಡಿದರು. ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ, ಕನ್ನಡಕ ಏರಿಸಿ, ಹುಂಜವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಎಷ್ಟು ಚೆನ್ನಾಗಿದೆಯಮ್ಮ. ಯಾರು ಹೆಣೆದಿದ್ದು?"

"ನಾನು," ಅಂದರು ಅತ್ತೆ.

ಮೈದುನ ಏನೋ ಹೇಳಲು ಬಾಯಿ ತೆರೆದ. ಸೊಸೆ ಅವನ ಕಾಲು ತುಳಿದು, "ಹೌದು, ಇವರೇ," ಅಂದಳು.