ಚುಕ್ಕಿಯ ಹೆಸರಿನ ಹಿಡಿ ರಾಗಿ

ಆ ಊರಿನಲ್ಲಿ ಯಾರಿಗಾದರೂ ಜ್ವರ ಬಂದರೆ ನೆಂಟರಿಗಿಂತ ಮೊದಲು ನೋಡಲು ಬರುತ್ತಿದ್ದವನು ಪಕ್ಕದ ಊರಿನ ದನದ ದಳ್ಳಾಳಿ ಆಂಜಿನಪ್ಪ.

ಹೆಗಲ ಮೇಲೆ ಹಗ್ಗ, ಬಾಯಿ ತುಂಬ ಎಲೆಅಡಿಕೆ. ಜಗುಲಿಯ ಮೇಲೆ ಕುಳಿತು, "ಮೈ ಎಂಗೈತಕ್ಕಾ?" ಎಂದು ಅಕ್ಕರೆಯಿಂದ ಕೇಳುತ್ತಿದ್ದ. ಕಣ್ಣು ಮಾತ್ರ ಕೊಟ್ಟಿಗೆಯ ಕಡೆ. ಅವನು ಕೆಟ್ಟವನೇನಲ್ಲ. ಕ್ಯಾಸಂಬಳ್ಳಿ ಸುತ್ತಿನ ಹಳ್ಳಿಗಳಲ್ಲಿ ಮನೆಯೊಳಗೆ ಕಾಯಿಲೆ ಬಂದರೆ ಕೊಟ್ಟಿಗೆಯಿಂದ ಒಂದು ಜೀವ ಹೊರಡುತ್ತದೆ, ಅದೂ ಅರ್ಧ ಬೆಲೆಗೆ, ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅಷ್ಟೆ. ಸ್ವಾತಂತ್ರ್ಯ ಬರುವುದಕ್ಕೆ ಹತ್ತು ಹನ್ನೆರಡು ವರ್ಷ ಮುಂಚಿನ ಮಾತು ಇದು.

ಮುನಿನಾರಾಯಣಮ್ಮನ ಕೊಟ್ಟಿಗೆಯಲ್ಲಿ ಮೊದಲು ಜೋಡೆತ್ತುಗಳಿದ್ದವು. ಅತ್ತೆ ಜ್ವರದಲ್ಲಿ ಮಲಗಿದ ವರ್ಷ ಅವು ಹೋದವು. ಉಳಿದದ್ದು ಚುಕ್ಕಿ ಒಂದೇ, ಹಣೆಯಲ್ಲಿ ಬಿಳಿ ಬೊಟ್ಟಿದ್ದ ಕರಿ ಹಸು. ಅದರ ಹಾಲು ಊರಿಗಾಂನ ಲೈನುಗಳಿಗೆ, ಅಂದರೆ ಚಿನ್ನದ ಗಣಿಯ ಕೂಲಿಗಳ ಸಾಲುಮನೆಗಳಿಗೆ, ಹೋಗುತ್ತಿತ್ತು. ಮನೆಯ ಉಪ್ಪು, ಎಣ್ಣೆ, ಸೀರೆ ಎಲ್ಲವೂ ಚುಕ್ಕಿಯದೇ ದಯೆ.

ಸುಗ್ಗಿ ಮುಗಿದ ಒಂದು ಬೆಳಗ್ಗೆ ಅವಳು ರಾಗಿ ಬೀಸುತ್ತಿದ್ದಾಗ ಪಕ್ಕದ ಮನೆಯ ಅಮ್ಮಾಜಮ್ಮ ಒಂದು ಹೊಸ ಮಡಕೆ ಹಿಡಿದು ಬಂದಳು. ಅಮ್ಮಾಜಮ್ಮನ ಗಂಡ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ದುಡಿದವನು. ಅಲ್ಲಿ ಲೈನಿನಲ್ಲಿ ಕೆಲವು ವರ್ಷವಿದ್ದು ಊರಿಗೆ ಮರಳಿದವಳು ಅವಳು.

"ಲೈನಿನಾಗೆ ತಮಿಳು ಎಂಗಸ್ರು ದಿನಾ ಅನ್ನಕ್ಕಿಡೋ ಮುಂಚೆ ಗುಡಿಗೆ ಒಂದು ಹಿಡಿ ಅಕ್ಕಿ ಎತ್ತಿಡೋರು ಅಕ್ಕಾ," ಎಂದಳು. "ನಾವೂ ಅಂಗೇ ಮಾಡಾನ. ದಿನಾ ಬೀಸೋ ಮುಂಚೆ ಒಂದು ಹಿಡಿ ರಾಗಿ ಈ ಮಡಕೆಗೆ. ತಿಂಗಳಿಗೊಂದು ಸಲ ಎಲ್ಲಾರ ಮುಂದೆ ಅಳೆದು ನೆಲದಾಗಿನ ಹಗೇವಿಗೆ ಸುರಿಯೋದು. ಯಾರ ಮನೇಲಿ ಕಾಯಿಲೆ ಬಂದ್ರೂ ಅದನ್ನ ಮಾರಿ ಖರ್ಚಿಗೆ ಕೊಡೋದು."

ಬೀಸುಕಲ್ಲು ನಿಂತಿತು. "ಕಾಯಿಲೆಗಾ? ಥೂ, ಬೆಳ್ಳಂಬೆಳಗ್ಗೆ ಅದ್ರ ಹೆಸರೆತ್ತಬೇಡ್ವೇ. ಬರದೇ ಇರೋದಕ್ಕೆ ಪಾಲು ಎತ್ತಿಟ್ರೆ, ನನ್ನ ಊಟ ಎಲ್ಲಿ ಅಂತ ಹುಡುಕ್ಕೊಂಡು ಬತ್ತೈತೆ!"

"ಮಳೆಗಾಲಕ್ಕೆ ಮುಂಚೆ ಸೂರಿಗೆ ಹೊಸ ಹುಲ್ಲು ಹೊದಿಸ್ತೀಯಲ್ಲ, ಅದೇನು ಮಳೆ ಕರೆಯೋದಾ?"

"ಮಳೆ ಬೇಕು ಕಣಮ್ಮಿ, ಕರೆದ್ರೂ ಬರ್ಲಿ. ನಿನ್ನ ರೋಗ ಯಾವನಿಗೆ ಬೇಕು? ಅಲ್ದೇ ಬೌರಿಂಗ್‌ಪೇಟೆ, ಕೋಲಾರ, ಎಲ್ಲಾ ಕಡೆ ಸರ್ಕಾರದ ಆಸ್ಪತ್ರೆ ಐತೆ. ಅಲ್ಲಿ ದುಡ್ಡು ಕೇಳ್ತಾರಾ?"

"ಡಾಕ್ಟ್ರು ಕೇಳಲ್ಲ. ಗಾಡಿಯೋನು ಬಿಡ್ತಾನಾ? ರೈಲಿನೋನು ಬಿಡ್ತಾನಾ? ಜತೆಗಿರೋರ ಹೊಟ್ಟೆ ಸುಮ್ಕಿರ್ತದಾ? ಮಲಗಿದೋನ ಕೂಲಿ ಯಾರು ಕೊಡ್ತಾರೆ? ನಿಮ್ಮತ್ತೆಗೆ ಔಷಧಿ ಪುಕ್ಕಟೆಯಾಗೇ ಸಿಕ್ತಲ್ಲಕ್ಕಾ. ಎತ್ತು ಯಾಕೆ ಮಾರಿದ್ರಿ?"

ಮುನಿನಾರಾಯಣಮ್ಮ ನಿಂತಿದ್ದ ಕಲ್ಲನ್ನು ಮತ್ತೆ ಜೋರಾಗಿ ತಿರುಗಿಸಿದಳು.

ಮಧ್ಯಾಹ್ನ ಅವಳ ಗಂಡ ಕೋದಂಡಪ್ಪ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದ. ಒಣಮೆಣಸಿನ ಘಾಟಿಗೆ ಬಂದ ಕೆಮ್ಮು. ಸಂಜೆಗೆ ಸರಿಯಾಗಿ ಆಂಜಿನಪ್ಪ ಜಗುಲಿಯ ಮೇಲಿದ್ದ.

"ಅಣ್ಣನಿಗೆ ಕೆಮ್ಮಂತೆ, ಕೇಳಿ ಓಡಿಬಂದೆ," ಎಂದು ಚುಕ್ಕಿಯ ಬೆನ್ನು ಸವರಿದ. "ಎಷ್ಟನೇ ಸೂಲಕ್ಕಾ ಇದು?"

"ಮೆಣಸಿನಕಾಯಿ ಕೆಮ್ಮಿಗೂ ಹಗ್ಗ ತಂದಿದ್ದೀಯೇನ್ಲಾ! ಎದ್ದೋಗು!"

ಅವನು ನಗುತ್ತಲೇ ಹೋದ. ಆ ರಾತ್ರಿ ಅವಳು ಎರಡು ಸಲ ಎದ್ದು ಕೊಟ್ಟಿಗೆಗೆ ಹೋಗಿ ಚುಕ್ಕಿಯ ಹಗ್ಗ ಮುಟ್ಟಿ ನೋಡಿದಳು. ಮರುದಿನ ಬೆಳಗ್ಗೆ ಅವಳೇ ಪಕ್ಕದ ಮನೆಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ತತ್ತಾ ನಿನ್ನ ಮಡಕೆ. ಆದ್ರೆ ಕೇಳ್ಕೋ, ನಾನು ಆಕೋದು ಕಾಯಿಲೆಗಲ್ಲ, ಚುಕ್ಕಿಗೆ. ಚುಕ್ಕಿ ನಮ್ಮ ಕೊಟ್ಟಿಗೇಲೇ ಇರ್ಲಿ ಅಂತ."

"ಯಾರ ಹೆಸರಲ್ಲಾದ್ರೂ ಆಕು ತಾಯಿ. ರಾಗಿ ರಾಗಿನೇ."

ಅಂದಿನಿಂದ ದಿನವೂ ಬೀಸುವ ಮುನ್ನ "ಚುಕ್ಕಿಗೆ" ಎಂದು ಒಂದು ಹಿಡಿ ಮಡಕೆಗೆ ಬೀಳುತ್ತಿತ್ತು. ಊರಿನ ಎಲ್ಲ ಮನೆಗಳಲ್ಲೂ ಒಂದೊಂದು ಮಡಕೆ, ಹೀಗೇ. ಇದ್ದವರದು ತುಂಬಿದ ಹಿಡಿ, ಕೂಲಿ ಮಾಡುವವರದು ಅರ್ಧ ಹಿಡಿ. ಕೊಡುವಾಗ ಯಥಾಶಕ್ತಿ, ಪಡೆಯುವಾಗ ಯಾರಿಗೆ ಎಷ್ಟು ಬೇಕೋ ಅಷ್ಟು. ಈ ನಿಯಮ ಅಮ್ಮಾಜಮ್ಮನದೇ. ಅದಕ್ಕಾಗಿ ಅವಳು ಇಡೀ ಊರಿನೊಂದಿಗೆ ಜಗಳವಾಡಿ ಗೆದ್ದಿದ್ದಳು.

ವರ್ಷ ಕಳೆಯಿತು. ಮತ್ತೆ ಸುಗ್ಗಿ ಬಂತು. ಹಗೇವಿನ ಬಾಯಿ ತೆರೆದು ರಾಗಿ ಅಳೆಯುವ ದಿನ ಮುನಿನಾರಾಯಣಮ್ಮನ ಮುಖ ಊದಿಕೊಂಡಿತ್ತು.

"ವರ್ಷಪೂರ್ತಿ ಆಕಿದ್ದೀನಿ. ನಮ್ಮ ಮನೇಲಿ ಒಬ್ಬರಾದ್ರೂ ಸೀನಿದ್ರಾ? ಇಲ್ಲ! ನನ್ನ ರಾಗಿ ನನಗೆ ವಾಪಸ್ಸು ಕೊಡು."

ನೆರೆದಿದ್ದ ಹೆಂಗಸರು ಗೊಳ್ಳೆಂದು ನಕ್ಕರು. "ಓದ ವರ್ಷ ಕಾಯಿಲೆ ಬತ್ತೈತೆ ಅಂತ ಜಗಳ, ಈ ವರ್ಷ ಬರಲಿಲ್ಲ ಅಂತ ಜಗಳ," ಎಂದಳು ಅಮ್ಮಾಜಮ್ಮ. "ಆ ಮೂಲೆ ಮನೆ ನರಸಮ್ಮನ ನೋಡು."

ನರಸಮ್ಮ ಕೂಲಿಯವಳು. ಕಂಕುಳಲ್ಲಿ ಗುಂಡುಗುಂಡಾಗಿದ್ದ ಕೂಸು. ಮಳೆಗಾಲದಲ್ಲಿ ಅದಕ್ಕೆ ಭೇದಿ ಹತ್ತಿ ಕಣ್ಣು ಒಳಸೇರಿದ್ದಾಗ, ರಾಗಿ ಮಾರಿದ ದುಡ್ಡಿನಿಂದಲೇ ಗಾಡಿ ಹೂಡಿ ಆಸ್ಪತ್ರೆಗೆ ಒಯ್ದದ್ದು.

"ನಿನ್ನ ರಾಗಿ ಅಲ್ಲೈತೆ ನೋಡಕ್ಕಾ, ಕಾಲು ಬಡೀತಾ," ಎಂದಳು ಅಮ್ಮಾಜಮ್ಮ. "ಬೇಕಾದ್ರೆ ವಾಪಸ್ಸು ಈಸ್ಕೋ."

ಕೂಸು ಮುನಿನಾರಾಯಣಮ್ಮನನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅವಳು ಅದನ್ನು ಎತ್ತಿಕೊಂಡು, "ನನ್ನ ರಾಗಿ ಬಲೇ ಭಾರ ಆಗೈತೆ," ಎಂದಳು. ವಾಪಸ್ಸಿನ ಮಾತು ಮತ್ತೆ ಎತ್ತಲಿಲ್ಲ.

ಆ ಬೇಸಿಗೆಯ ಮೊದಲಲ್ಲಿ, ಹುಣಸೆಹಣ್ಣು ಬಡಿಯುವ ಕಾಲದಲ್ಲಿ, ಕೋದಂಡಪ್ಪ ಮರದಿಂದ ಬಿದ್ದ. ತೊಡೆಯ ಮೂಳೆ ಮುರಿಯಿತು. ಮಂಚದ ಮೇಲೆ ಹಾಕಿ ಮನೆ ಮುಂದೆ ತಂದಿಟ್ಟರು. ಮುನಿನಾರಾಯಣಮ್ಮ ನೀರಿಗೆಂದು ಒಳಗೆ ಓಡಿ ಬರಿಗೈಯಲ್ಲಿ ಹೊರಬಂದಳು. ಅಷ್ಟರಲ್ಲಿ ಹಗ್ಗ ಹೊತ್ತ ಆಂಜಿನಪ್ಪ ಬಂದೇ ಬಿಟ್ಟ.

"ಗಬ್ಬದ ಹಸು ಅಕ್ಕಾ, ಒಳ್ಳೆ ಬೆಲೆನೇ ಕೊಡ್ತೀನಿ. ದುಡ್ಡು ಇಲ್ಲೇ ಐತೆ."

"ಕೊಟ್ಬಿಡೇ," ಎಂದ ಕೋದಂಡಪ್ಪ, ಹಲ್ಲು ಕಚ್ಚಿಕೊಂಡು.

ಅವಳು ಕೊಟ್ಟಿಗೆಗೆ ನಡೆದಳು. ಗೂಟದಿಂದ ಹಗ್ಗ ಬಿಚ್ಚುವಾಗ ಚುಕ್ಕಿ, ಮೇವು ತಂದಳೆಂದು, ಅವಳ ಅಂಗೈ ನೆಕ್ಕಿತು. ದಿನವೂ ಮಡಕೆಗೆ ರಾಗಿ ಹಾಕಿದ ಅದೇ ಕೈ. ಗಾಬರಿಯಲ್ಲಿ ಮಡಕೆಯೇ ಮರೆತುಹೋಗಿತ್ತು.

"ಅಮ್ಮಾಜೀ!" ಎಂದು ಅವಳು ಕೂಗಿದ ಕೂಗು ಕೆರೆಯ ತನಕ ಕೇಳಿಸಿತಂತೆ.

ಅಮ್ಮಾಜಮ್ಮ ಆಗಲೇ ಗಾಡಿ ಹೂಡಿಸಿಕೊಂಡು ಬರುತ್ತಿದ್ದಳು. ಸೆರಗಿನ ಗಂಟಿನಲ್ಲಿ ಹಗೇವಿನ ರಾಗಿ ಮಾರಿದ ದುಡ್ಡಿತ್ತು. "ಆ ಹಗ್ಗ ಬಿಡಕ್ಕಾ, ಗಾಡಿ ಹತ್ತು. ಏನ್ಲಾ ಆಂಜಿನಪ್ಪ, ಸುಮ್ಕೆ ನಿಂತಿದ್ದೀಯಲ್ಲ! ಇಡ್ಕೋ ಮಂಚದ ಆ ಕಾಲು!"

ಹಸು ಒಯ್ಯಲು ಬಂದ ಆಂಜಿನಪ್ಪ ಮಂಚ ಹೊತ್ತ. ಅವನ ಹಗ್ಗವನ್ನೂ ಕಸಿದು, ಮಂಚ ಅಲುಗದಂತೆ ಗಾಡಿಗೆ ಬಿಗಿದರು. ಊರಿಗಾಂವರೆಗೆ ಗಾಡಿ, ಅಲ್ಲಿಂದ ರೈಲಿನಲ್ಲಿ ಬೌರಿಂಗ್‌ಪೇಟೆ, ಮತ್ತೆ ಪುಟ್ಟ ರೈಲು ಹತ್ತಿ ಕೋಲಾರ. ಆಸ್ಪತ್ರೆಯಲ್ಲಿ ಕಾಲಿಗೆ ಭಾರ ಕಟ್ಟಿ ವಾರಗಟ್ಟಲೆ ಮಲಗಿಸಿದರು. ಜೊತೆಗಿದ್ದ ಮುನಿನಾರಾಯಣಮ್ಮನ ಊಟಕ್ಕೂ ಹಗೇವಿನ ದುಡ್ಡೇ ಆಯಿತು. ಊರಿನಲ್ಲಿ ಚುಕ್ಕಿಗೆ ಮೇವು ಹಾಕಲು ನರಸಮ್ಮ ನಿಂತಳು. ಬೇಡವೆಂದರೂ ಕೇಳಲಿಲ್ಲ.

ಮುಂಗಾರಿನ ಹೊತ್ತಿಗೆ ಕೋದಂಡಪ್ಪ ಕೋಲೂರಿಕೊಂಡು, ತನ್ನ ಕಾಲ ಮೇಲೆಯೇ ಊರೊಳಗೆ ನಡೆದು ಬಂದ. ಅದೇ ವಾರ ಚುಕ್ಕಿ ಹೆಣ್ಣುಗರು ಹಾಕಿತು. ತಾಯಿಯದೇ ಬಣ್ಣ, ಹಣೆಯಲ್ಲಿ ಅದೇ ಬೊಟ್ಟು. ಮುನಿನಾರಾಯಣಮ್ಮ ಬೆಲ್ಲ ಹಾಕಿ ಗಿಣ್ಣು ಕಾಯಿಸಿ, ಮಡಕೆಗೆ ರಾಗಿ ಹಾಕಿದ ಒಂದೊಂದು ಮನೆಗೂ ತಾನೇ ಹೊತ್ತು ಹಂಚಿದಳು.

ಕೊನೆಗೆ ಬಂದವನು ಆಂಜಿನಪ್ಪ. ಅಂದು ಹೆಗಲ ಮೇಲೆ ಹಗ್ಗವಿರಲಿಲ್ಲ.

"ಬಾರಪ್ಪ. ನಮ್ಮ ಮನೇಲಿ ಎಲ್ಲಾರೂ ಗುಂಡುಕಲ್ಲಿನಂಗೆ ಅವ್ರೆ. ಕೊಡೋಕೆ ಗಿಣ್ಣು ಬಿಟ್ರೆ ಇನ್ನೇನೂ ಇಲ್ಲ."

ಅವನು ತಟ್ಟೆ ಖಾಲಿ ಮಾಡಿ ಬಾಯೊರೆಸಿಕೊಂಡ. ಆಮೇಲೆ ನಾಚುತ್ತಾ ಕೇಳಿದ: "ಅಕ್ಕಾ, ನಮ್ಮವ್ವಂಗೂ ವಯಸ್ಸಾಯ್ತು. ಬೇರೆ ಊರೋರು ಈ ಮಡಕೆಗೆ ಆಕ್ಬೋದಾ?"

"ನಿನ್ನ ಯಾಪಾರ ಏನಾಗ್ಬೇಕೋ ಪುಣ್ಯಾತ್ಮ?"

"ಸಂತೇಲಿ ಮಾಡ್ಕೊಂತೀನಿ ಬಿಡಕ್ಕಾ. ಅಲ್ಲಿ ಮಾರೋರು ಅಳಲ್ಲ."

ಮುನಿನಾರಾಯಣಮ್ಮ ಒಳಗೆ ಹೋಗಿ ಒಂದು ಖಾಲಿ ಮಡಕೆ ತಂದು ಅವನ ಕೈಗಿಟ್ಟಳು. "ನಿಮ್ಮೂರಿನಾಗೇ ಶುರು ಮಾಡು. ಮೊದ್ಲು ನಿಮ್ಮವ್ವ, ಕಾಯಿಲೆ ಹೆಸರೆತ್ತಬೇಡ ಅಂತ ಬೈತಾಳೆ. ಬೈದ್ರೆ ನನ್ನತ್ರ ಕಳ್ಸು."

ಇದನ್ನು ಓದಿಸಿಕೊಂಡು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂದು ನಮ್ಮ ಮಡಕೆ ಬಹಳ ದೊಡ್ಡದಾಗಿದೆ. ಆಸ್ಪತ್ರೆಯ ಖರ್ಚು ಹೊರುವ ಸರ್ಕಾರದ ಆರೋಗ್ಯ ಯೋಜನೆಗಳಿವೆ. ಸ್ವಸಹಾಯ ಸಂಘದ ಉಳಿತಾಯವಿದೆ. ಮುನಿನಾರಾಯಣಮ್ಮ ಗಾಬರಿಯಲ್ಲಿ ಮರೆತಂತೆ ನಾವೂ ಮರೆಯುತ್ತೇವೆ. ಆದ್ದರಿಂದ ಎಲ್ಲರೂ ಗಟ್ಟಿಮುಟ್ಟಾಗಿರುವ ಈ ದಿನವೇ ವಿಚಾರಿಸಿ: ಮನೆಯ ಎಲ್ಲರ ಹೆಸರೂ ಯೋಜನೆಯಲ್ಲಿದೆಯೇ? ಯಾವ ಆಸ್ಪತ್ರೆಯಲ್ಲಿ, ಯಾವ ಕಾಯಿಲೆಗೆ ಅದು ನಡೆಯುತ್ತದೆ? ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೋ ಕೇಳಿ. ಗಾಡಿಗೆ, ಊಟಕ್ಕೆ, ತಪ್ಪಿದ ಕೂಲಿಗೆಂದು ಸಂಘದಲ್ಲಿ ಒಂದಿಷ್ಟು ಬೇರೆ ಎತ್ತಿಡಿ. ಈ ವರ್ಷ ಅದು ನಿಮಗೆ ಬೇಕಾಗದೇ ಹೋದರೆ ಸಂತೋಷಪಡಿ. ಯಾರದೋ ಮನೆಯಲ್ಲಿ ನಿಮ್ಮ ರಾಗಿ ಕಾಲು ಬಡಿಯುತ್ತಾ ನಗುತ್ತಿರುತ್ತದೆ.

ನಿಮ್ಮ ಕೊಟ್ಟಿಗೆಯ ಚುಕ್ಕಿ ಯಾವುದೋ ನಿಮಗೇ ಗೊತ್ತು. ನಾಳೆ ಬೆಳಗ್ಗೆ ಅದರ ಹೆಸರಿನಲ್ಲಿ ಮೊದಲ ಹಿಡಿ ಹಾಕಿ.